ಅಜ್ಜಿಯ ಕಾಲದ ರಾಣಿ ರೂಪಾಯಿ ಮಾರುವ ಮುಂಚೆ

ಬೆಳ್ಳಿ ದರ ಏರಿದಾಗಿನಿಂದ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಹಳೆ ನಾಣ್ಯಗಳದ್ದೇ. ಅದರಲ್ಲೂ ನಮ್ಮ ಹಾಸನ, ಚಿಕ್ಕಮಗಳೂರು ಕಡೆಯಿಂದ ಬಂದವು ಜಾಸ್ತಿ. ನಾನು ಹಾಸನದವನೇ. ಬೆಳ್ಳಿ ಬಂಗಾರದ ಅಂಗಡಿಯಲ್ಲಿ ಹನ್ನೆರಡು ವರ್ಷ ಲೆಕ್ಕ ಬರೆದವನು. ಗಿರಾಕಿ ಗಾಜಿನ ಆಚೆ ಏನು ನೋಡುತ್ತಾರೆ, ಈಚೆ ಏನು ನಡೆಯುತ್ತದೆ ಎರಡೂ ಗೊತ್ತು. ಅದಕ್ಕೇ ಈ ಸಲದ ಅಂಕಣ ಪೂರ್ತಿ ಇದಕ್ಕೇ ಇಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೆಳ್ಳಿ ದರ ದಿನಕ್ಕೊಂದು. ಹಾಗಾಗಿ ಲೆಕ್ಕ ಸುಲಭ ಆಗಲಿ ಎಂದು ಕೆಳಗೆ ಎಲ್ಲ ಕಡೆ ಗ್ರಾಂಗೆ 100 ರೂಪಾಯಿ ಎಂದು ಹಿಡಿದಿದ್ದೇನೆ. ನೀವು ಮಾರುವ ದಿನದ ದರ ಹಾಕಿ ಗುಣಿಸಿಕೊಳ್ಳಿ. ಇನ್ನು ಟಚ್ ಎಂದರೆ ನೂರು ಭಾಗದಲ್ಲಿ ಎಷ್ಟು ಭಾಗ ಶುದ್ಧ ಬೆಳ್ಳಿ ಎನ್ನುವ ಅಂಗಡಿ ಲೆಕ್ಕ.

ಪ್ರಶ್ನೆ: ನಮ್ಮತ್ತೆ ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ 47 ನಾಣ್ಯ ಸಿಕ್ಕವು. ರಾಣಿ ಮುಖದವು 8, 1903ರಿಂದ 1920ರವರೆಗಿನ ರಾಜರ ಮುಖದವು 21, 1941ರಿಂದ 1945ರವು 14, 1947ರವು 3, ಗಾಂಧೀಜಿ ಇರುವ 10 ರೂಪಾಯಿ ನಾಣ್ಯ 1. ಹಾಸನದ ಒಂದು ಅಂಗಡಿಯಲ್ಲಿ 1947ರ ಮೂರನ್ನು ಪಕ್ಕಕ್ಕಿಟ್ಟು ಉಳಿದದ್ದನ್ನೆಲ್ಲ ಒಟ್ಟಿಗೆ ತೂಗಿದರು. 510 ಗ್ರಾಂ ಬಂತು. "ಹಳೇ ಬೆಳ್ಳಿ ಎಲ್ಲ 60 ಟಚ್ಚೇ ಅಮ್ಮಾ, 306 ಗ್ರಾಂ ಲೆಕ್ಕ ಹಾಕ್ತೀನಿ" ಅಂದರು. ಇನ್ನೊಂದು ಅಂಗಡಿಯವರು ತೂಗಲೇ ಇಲ್ಲ, ಒಂದಕ್ಕೆ ಇಷ್ಟು ಅಂತ ಹೇಳಿದರು. ಯಾರನ್ನು ನಂಬಲಿ? (ಗೃಹಿಣಿ, ಸಕಲೇಶಪುರ ತಾಲ್ಲೂಕು)

ಉತ್ತರ: ಇಬ್ಬರಿಗೂ ಕೊಡಬೇಡಿ ಅಮ್ಮಾ. ನೀವು ವರ್ಷ ನೋಡಿ ವಿಂಗಡಿಸಿ ಬರೆದಿದ್ದೀರಲ್ಲ, ಅರ್ಧ ಕೆಲಸ ಅಲ್ಲೇ ಮುಗಿದಿದೆ. ಆದರೆ ಅಂಗಡಿಗೆ ಹೋಗುವಾಗ ಎಲ್ಲವನ್ನೂ ಒಂದೇ ಬಟ್ಟೆ ಗಂಟಿನಲ್ಲಿ ಸುರಿದುಕೊಂಡು ಹೋದಿರಿ ಅನಿಸುತ್ತದೆ. ತಪ್ಪಾದದ್ದು ಅಲ್ಲಿ.

ಬ್ರಿಟಿಷರ ಕಾಲದ ಒಂದು ರೂಪಾಯಿ 1835ರಿಂದ ಒಂದೇ ತೂಕ. 11.66 ಗ್ರಾಂ. ಅಂದರೆ ಸರಿಯಾಗಿ ಒಂದು ತೊಲ. ನಮ್ಮ ಹಿರಿಯರು "ರೂಪಾಯಿ ತೂಕ" ಅನ್ನುತ್ತಿದ್ದರಲ್ಲ, ಔಷಧಿಗೂ ಬೆಳ್ಳಿಗೂ ಅದೇ ಅಳತೆ, ಅದು ಇದೇ ನಾಣ್ಯ. 24 ರೂಪಾಯಿ ತೂಕಕ್ಕೆ ಒಂದು ಕಚ್ಚಾ ಸೇರು ಎಂಬ ಲೆಕ್ಕ ನಮ್ಮ ಹಳೆ ಮೈಸೂರು ಸೀಮೆಯಲ್ಲಿ ಇತ್ತು. ಈ ರೂಪಾಯಿಯಲ್ಲಿ ಹನ್ನೆರಡು ಪಾಲಿಗೆ ಹನ್ನೊಂದು ಪಾಲು ಬೆಳ್ಳಿ. ಅಂಗಡಿ ಭಾಷೆಯಲ್ಲಿ 91.7 ಟಚ್. ವಿಕ್ಟೋರಿಯಾ ರಾಣಿ, ಬರಿತಲೆಯ ಎಡ್ವರ್ಡ್, ಕಿರೀಟದ ಐದನೇ ಜಾರ್ಜ್, ಈ ಮೂವರ ರೂಪಾಯಿಗಳೂ ಅಷ್ಟೇ. ಆರನೇ ಜಾರ್ಜ್‌ನ 1938, 1939ರ ರೂಪಾಯಿಯೂ ಅಷ್ಟೇ. 1940ರಲ್ಲಿ ಯುದ್ಧದ ಕಾಲ, ಬೆಳ್ಳಿ ಸಾಲದೆ ಬಂತು. ಆಗ ಅರ್ಧಕ್ಕೆ ಇಳಿಸಿದರು. ಅಲ್ಲಿಂದ 1945ರವರೆಗಿನ ರೂಪಾಯಿಯಲ್ಲಿ 50 ಭಾಗ ಬೆಳ್ಳಿ, 40 ಭಾಗ ತಾಮ್ರ, ಉಳಿದದ್ದು ನಿಕ್ಕಲ್ ಮತ್ತು ಸತು. ತೂಕ ಮಾತ್ರ ಅದೇ 11.66. ಕೈಯಲ್ಲಿ ಹಿಡಿದರೆ ವ್ಯತ್ಯಾಸವೇ ಗೊತ್ತಾಗಲ್ಲ.

ಈಗ ನಿಮ್ಮ ನಾಣ್ಯಗಳಿಗೆ ಬರೋಣ. 1947ರ ಮೂರರಲ್ಲಿ ಬೆಳ್ಳಿ ಇಲ್ಲ, ಅದಕ್ಕೇ ಪಕ್ಕಕ್ಕಿಟ್ಟರು. ರಾಣಿ 8, ರಾಜ 21, ಒಟ್ಟು 29. ಸ್ವಲ್ಪ ಸವೆದಿರುತ್ತವೆ, ಹಾಗಾಗಿ ಒಂದೊಂದು ಸುಮಾರು 11.5 ಎಂದುಕೊಂಡರೆ ಇವು 334 ಗ್ರಾಂ ಬರಬೇಕು. ಅದರಲ್ಲಿ ಬೆಳ್ಳಿ 306 ಗ್ರಾಂ. ಅಂಗಡಿಯವರು ನಿಮ್ಮ 44 ನಾಣ್ಯಕ್ಕೂ ಸೇರಿಸಿ ಹೇಳಿದ್ದು ಎಷ್ಟು? ಅದೇ 306. ಅಂದರೆ ಈ 29ಕ್ಕೆ ಮಾತ್ರ ದುಡ್ಡು ಕೊಟ್ಟು, 1941ರಿಂದ 1945ರ ಹದಿನಾಲ್ಕನ್ನೂ ಗಾಂಧೀಜಿ ನಾಣ್ಯವನ್ನೂ ಸುಮ್ನೆ ಇಟ್ಟುಕೊಳ್ಳುವ ಲೆಕ್ಕ ಅದು. ಆ ಹದಿನಾಲ್ಕು 161 ಗ್ರಾಂ ತೂಗಿದರೆ ಅದರಲ್ಲಿ ಬೆಳ್ಳಿ 80 ಗ್ರಾಂ ಚಿಲ್ಲರೆ. ಗಾಂಧೀಜಿಯ 10 ರೂಪಾಯಿ ನಾಣ್ಯ 1969ರಲ್ಲಿ ಅವರ ಜನ್ಮ ಶತಮಾನೋತ್ಸವಕ್ಕೆ ಬಂದದ್ದು, 15 ಗ್ರಾಂ, 80 ಭಾಗ ಬೆಳ್ಳಿ, ಅಲ್ಲಿಗೆ 12 ಗ್ರಾಂ. ಎಲ್ಲ ಕೂಡಿದರೆ 399 ಗ್ರಾಂ ಹತ್ತಿರ. 93 ಗ್ರಾಂ ಬೆಳ್ಳಿಯ ವ್ಯತ್ಯಾಸ. ಗ್ರಾಂಗೆ 100 ಹಿಡಿದರೂ 9,300 ರೂಪಾಯಿ. ಅಂಗಡಿಯವರು ಸುಳ್ಳು ತೂಕ ತೋರಿಸಿಲ್ಲ, ತಕ್ಕಡಿ ಸರಿಯಾಗಿಯೇ ಇತ್ತು. ಬೇರೆ ಬೇರೆ ಜಾತಿಯ ಬೆಳ್ಳಿಯನ್ನು ಒಟ್ಟಿಗೆ ಹಾಕಿ ಎಲ್ಲಕ್ಕೂ ಒಂದೇ 60 ಟಚ್ ಹಿಡಿದರು, ಅಷ್ಟೇ.

ಇದು ನಮ್ಮ ಮನೆಯಲ್ಲೂ ಆಗಿದೆ. 1994ರಲ್ಲಿ ಅಕ್ಕನ ಮದುವೆಗೆ ದುಡ್ಡು ಸಾಲದೆ ಅಮ್ಮ 60 ರೂಪಾಯಿ ನಾಣ್ಯ ಮಾರಿದರು. ನಾನೂ ಜೊತೆಗೆ ಹೋಗಿದ್ದೆ, ಆಗಿನ್ನೂ ಕಾಲೇಜು. ಅಂಗಡಿಯವರು ತೂಗಲಿಲ್ಲ, ಒಂದಕ್ಕೆ ಇಷ್ಟು ಎಂದು ಎಣಿಸಿದರು. ಅಮ್ಮ ಒಪ್ಪಿಕೊಂಡು, ನೋಟು ಎಣಿಸಿ, ಸೆರಗಿನ ತುದಿಗೆ ಕಟ್ಟಿಕೊಂಡು ಎದ್ದರು. ನಾನು ಚಪ್ಪಲಿ ಹಾಕಿಕೊಳ್ಳುತ್ತಾ ಹಿಂದೆ ತಿರುಗಿ ನೋಡಿದೆ. ಅಂಗಡಿ ಹುಡುಗ ಒಂದೊಂದು ನಾಣ್ಯ ಎತ್ತಿ, ಅದರ ಅಂಚಿಗೆ ಹೆಬ್ಬೆರಳಿನ ಉಗುರು ಎಳೆದು, ಎಡಕ್ಕೊಂದು ಬಲಕ್ಕೊಂದು ಹಾಕುತ್ತಿದ್ದ. ಎಡಗಡೆ ಗುಡ್ಡೆ ದೊಡ್ಡದಾಗುತ್ತಾ ಹೋಯಿತು. ಆಗ ನನಗೆ ಅರ್ಥ ಆಗಲಿಲ್ಲ. ಮುಂದೆ ಅದೇ ಕಸುಬಿನ ಅಂಗಡಿಯಲ್ಲಿ ಲೆಕ್ಕಕ್ಕೆ ಕೂತ ಮೇಲೆ ತಿಳಿಯಿತು, ನಮಗೆ ಕೊಟ್ಟ ದರ ಅರ್ಧ ಬೆಳ್ಳಿಯದ್ದು, ನಮ್ಮಲ್ಲಿದ್ದದ್ದು ಹೆಚ್ಚಿನವು ಪೂರಾ ಬೆಳ್ಳಿಯವು. ಅಮ್ಮನಿಗೆ ನಾನು ಅದನ್ನು ಹೇಳಲೇ ಇಲ್ಲ.

ಆ ಹುಡುಗ ಮಾಡಿದ್ದನ್ನು ನೀವು ಮನೆಯಲ್ಲೇ ಮಾಡಬಹುದು. ಹಳೆಯ ರೂಪಾಯಿಯ ಅಂಚಿನಲ್ಲಿ ಮೇಲಿಂದ ಕೆಳಕ್ಕೆ ನೇರ ಗೆರೆಗಳು ಇರುತ್ತವೆ, ಉಗುರು ಎಳೆದರೆ ಸಣ್ಣ ಬಾಚಣಿಗೆ ಸವರಿದ ಹಾಗೆ ಕರಕರ ಎನ್ನುತ್ತದೆ. ಅರ್ಧ ಬೆಳ್ಳಿಯ ರೂಪಾಯಿಯ ಅಂಚಿನ ನಡುವೆ ಒಂದು ಕಾಲುವೆ ಕೊರೆದು ಅದರೊಳಗೆ ಚಿತ್ತಾರ ಮಾಡಿದ್ದಾರೆ, ನಕಲಿ ಮಾಡಬಾರದು ಎಂದು. ಉಗುರು ಆ ಕಾಲುವೆಗೆ ಸಿಕ್ಕಿಕೊಳ್ಳುತ್ತದೆ. ವರ್ಷ ಸವೆದು ಕಾಣದಿದ್ದಾಗ ಇದು ತುಂಬಾ ಉಪಯೋಗ.

ಈಗ ಏನು ಮಾಡಬೇಕು? ಮೂರು ಪೊಟ್ಟಣ ಮಾಡಿ. 29 ಒಂದರಲ್ಲಿ, 14 ಒಂದರಲ್ಲಿ, ಗಾಂಧೀಜಿ ಬೇರೆ. ಒಂದೊಂದರ ಮೇಲೂ ಎಷ್ಟು ನಾಣ್ಯ, ಎಷ್ಟು ಗ್ರಾಂ ಎಂದು ಬರೆಯಿರಿ. ಗ್ರಾಂನ ನೂರನೇ ಒಂದು ಭಾಗ ತೋರಿಸುವ ಪುಟ್ಟ ತಕ್ಕಡಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಇಷ್ಟು ನಾಣ್ಯ ಇದ್ದರೆ ತೆಗೆದುಕೊಳ್ಳುವುದು ದಂಡ ಅಲ್ಲ. ಅಂಗಡಿಯಲ್ಲಿ ಒಂದು ಪೊಟ್ಟಣ ತೂಗಿ, ಬರೆದು, ವಾಪಸ್ ತೆಗೆದುಕೊಂಡ ಮೇಲೆ ಇನ್ನೊಂದು ಬಿಚ್ಚಿ. ತೂಕ ಗುಣಿಸು ಟಚ್ ಗುಣಿಸು ಇವತ್ತಿನ ದರ, ಇದಿಷ್ಟನ್ನು ಚೀಟಿಯಲ್ಲಿ ಬರೆದುಕೊಡಿ ಎಂದು ಕೇಳಿ. "ಬಾಯಲ್ಲೇ ಹೇಳ್ತೀನಿ, ಬರೆಯೋದು ಯಾಕೆ" ಎನ್ನುವ ಅಂಗಡಿಯಲ್ಲಿ ಮಾತು ಮುಂದುವರಿಸಬೇಡಿ. ಕನಿಷ್ಠ ಮೂರು ಅಂಗಡಿಯ ಚೀಟಿ ಕೈಯಲ್ಲಿ ಇರಲಿ. ಒಂದು ಹಾಸನದ ಗಾಂಧಿ ಬಜಾರ್‌ನಲ್ಲಿ, ಒಂದು ಸಕಲೇಶಪುರದಲ್ಲೇ, ಸಾಧ್ಯವಾದರೆ ಮಗಳೋ ಅಳಿಯನೋ ಬೆಂಗಳೂರಿನಲ್ಲಿ ಇದ್ದರೆ ನಗರ್ತಪೇಟೆ, ಅವೆನ್ಯೂ ರಸ್ತೆ ಕಡೆ ಒಂದು.

ಪ್ರಶ್ನೆ: ಟಚ್ ಒಪ್ಪಿಕೊಂಡರು, ತೂಕ ಒಪ್ಪಿಕೊಂಡರು, ಆದರೆ ಕೊನೆಗೆ ಕರಗಿಸೋ ಖರ್ಚು, ಸವಕಳಿ, ಕಮಿಷನ್ ಅಂತ ನೂರಕ್ಕೆ 15 ಕಡಿತ ಮಾಡಿದರು. ಇದು ನ್ಯಾಯವೇ? ಎಷ್ಟು ಕಡಿತ ಸರಿ? (ಖಾಸಗಿ ನೌಕರ, ಚಿಕ್ಕಮಗಳೂರು)

ಉತ್ತರ: 15 ಜಾಸ್ತಿ ಆಯಿತು ತಮ್ಮಾ. ಆದರೆ ಕಡಿತವೇ ಇರಬಾರದು ಎನ್ನುವುದೂ ಸರಿಯಲ್ಲ, ಅಂಗಡಿಯವರ ಕಡೆಯಿಂದಲೂ ಒಂದು ಕ್ಷಣ ಯೋಚಿಸಿ. ಅವರು ನಾಣ್ಯವನ್ನು ಹಾಗೇ ಮಾರಲು ಆಗದಿದ್ದರೆ ಕರಗಿಸಬೇಕು. ಶುದ್ಧ ಮಾಡುವವರಿಗೆ ಕೂಲಿ ಕೊಡಬೇಕು. ಅಷ್ಟರಲ್ಲಿ ದರ ಇಳಿದರೆ ನಷ್ಟ ಅವರದ್ದು. ಇದಕ್ಕೆಲ್ಲ ನೂರಕ್ಕೆ 3ರಿಂದ 5 ಕಡಿತ ಒಪ್ಪಬಹುದು ಎನ್ನುವುದು ನನ್ನ ಅಭಿಪ್ರಾಯ. ನಾಲ್ಕೈದು ನಾಣ್ಯ ಮಾತ್ರ ಇದ್ದರೆ 7, 8 ಆದರೂ ತಲೆ ಕೆಡಿಸಿಕೊಳ್ಳಬೇಡಿ, ಸಣ್ಣ ವ್ಯವಹಾರಕ್ಕೂ ಅವರು ಅಷ್ಟೇ ಹೊತ್ತು ಕೂರಬೇಕಲ್ಲ. ಹತ್ತು ದಾಟಿದರೆ ಎದ್ದು ಬನ್ನಿ.

ಒಂದು ಸಲ ಟಚ್ ಕಡಿಮೆ ಹಿಡಿದು, ಮತ್ತೆ ಕಡಿತ ಹಾಕಿದರೆ ಎರಡು ಸಲ ಕತ್ತರಿಸಿದ ಹಾಗೆ. ಅದಕ್ಕೇ "ಒಟ್ಟು ಎಷ್ಟು ಕೊಡ್ತೀರಿ" ಎಂದು ಕೇಳಬೇಡಿ. "ಇವತ್ತು ನಿಮ್ಮ ಅಂಗಡಿಯ ಶುದ್ಧ ಬೆಳ್ಳಿ ದರ ಎಷ್ಟು, ಇದರ ಟಚ್ ಎಷ್ಟು ಹಿಡಿದಿರಿ, ಕಡಿತ ಎಷ್ಟು" ಎಂದು ಮೂರನ್ನು ಮೂರು ಪ್ರಶ್ನೆಯಾಗಿ ಕೇಳಿ. ಪೇಪರಿನಲ್ಲಿ ಬರುವ ಚಿನಿವಾರ ಪೇಟೆಯ ದರವನ್ನು ಬೆಳಗ್ಗೆಯೇ ನೋಡಿಕೊಂಡು ಹೋಗಿ, ಅದು ಸಾಮಾನ್ಯವಾಗಿ ಕಿಲೋ ಲೆಕ್ಕದಲ್ಲಿ ಇರುತ್ತದೆ, ಸಾವಿರದಿಂದ ಭಾಗಿಸಿ. ಆ ದರದಲ್ಲಿ ಜಿಎಸ್‌ಟಿ ಸೇರಿದೆಯೋ ಇಲ್ಲವೋ ಎಂಬುದನ್ನೂ ನೋಡಿ, ಏಕೆಂದರೆ ಬೆಳ್ಳಿ ಕೊಳ್ಳುವಾಗ ನಾವು 3 ಪರ್ಸೆಂಟ್ ಜಿಎಸ್‌ಟಿ ಕೊಡುತ್ತೇವೆ, ಮಾರುವಾಗ ಅದು ವಾಪಸ್ ಬರುವುದಿಲ್ಲ. ಈ ಮೂರು ಪರ್ಸೆಂಟನ್ನು ಅಂಗಡಿಯವರ ಮೋಸ ಎಂದು ತಿಳಿದು ಜಗಳಕ್ಕೆ ಬಿದ್ದವರನ್ನು ನಾನು ನೋಡಿದ್ದೇನೆ.

ತೊಲ ಎಂಬ ಪದ ಬಂದರೆ ಎಚ್ಚರ. ಈಗ ಎಷ್ಟೋ ಕಡೆ 10 ಗ್ರಾಂಗೆ ತೊಲ ಅನ್ನುತ್ತಾರೆ. "ರೂಪಾಯಿ ಒಂದು ತೊಲ ಅಲ್ವಾ" ಎಂದು ನೀವೇ ಒಪ್ಪಿಕೊಂಡುಬಿಟ್ಟರೆ ಒಂದೊಂದು ನಾಣ್ಯಕ್ಕೂ ಒಂದೂವರೆ ಗ್ರಾಂ ಹೋಯಿತು. ಗ್ರಾಂನಲ್ಲೇ ಮಾತಾಡಿ. ತಕ್ಕಡಿಗೆ ತೂಕ ಅಳತೆ ಇಲಾಖೆಯ ಈ ಸಲದ ಮುದ್ರೆ ಬಿದ್ದಿದೆಯೇ ಎಂದು ನೋಡುವ ಹಕ್ಕು ನಿಮಗಿದೆ, ಕೇಳಲು ಸಂಕೋಚ ಬೇಡ.

ಪ್ರಶ್ನೆ: 1947ರ ಒಂದು ರೂಪಾಯಿ ನಾಣ್ಯ ಹನ್ನೊಂದಿವೆ. ಹುಲಿ ಚಿತ್ರ ಇದೆ. ಬೆಳ್ಳಿ ಇಲ್ಲ ಎಂದು ಅಂಗಡಿಯವರು ವಾಪಸ್ ಕೊಟ್ಟರು. ಮೋಸ ಮಾಡುತ್ತಿದ್ದಾರೆಯೇ? (ಅರಸೀಕೆರೆ)

ಉತ್ತರ: ಇಲ್ಲ, ಅವರು ಹೇಳಿದ್ದು ನಿಜ. 1947ರ ಹುಲಿ ರೂಪಾಯಿ ನಿಕ್ಕಲ್. ಬೆಳ್ಳಿ ಒಂದು ಚೂರೂ ಇಲ್ಲ. ಮನೆಯಲ್ಲಿ ಅಯಸ್ಕಾಂತ ಇದ್ದರೆ ಹಿಡಿದು ನೋಡಿ, ಟಕ್ ಎಂದು ಅಂಟಿಕೊಳ್ಳುತ್ತದೆ. ಬೆಳ್ಳಿ ಅಂಟುವುದಿಲ್ಲ. ಸಂಗ್ರಹ ಮಾಡುವವರು ಒಳ್ಳೆ ಸ್ಥಿತಿಯಲ್ಲಿ ಇದ್ದರೆ ಕೊಳ್ಳುತ್ತಾರೆ, ಬೆಳ್ಳಿ ದರಕ್ಕೂ ಅದಕ್ಕೂ ಸಂಬಂಧ ಇಲ್ಲ. ವಾಪಸ್ ಕೊಟ್ಟರಲ್ಲ, ಅವರು ನಂಬಬಹುದಾದ ಅಂಗಡಿಯವರು. ಬೇರೆ ಬೆಳ್ಳಿ ಇದ್ದರೆ ಅವರ ಹತ್ತಿರವೇ ಒಮ್ಮೆ ವಿಚಾರಿಸಿ.

ಪ್ರಶ್ನೆ: ಅಯಸ್ಕಾಂತಕ್ಕೆ ಅಂಟದ ನಕಲಿ ನಾಣ್ಯವೂ ಇರುತ್ತವಂತೆ. ನಮ್ಮದು ಅಸಲಿ ಎಂದು ಅಂಗಡಿಗೆ ಹೋಗುವ ಮುಂಚೆ ತಿಳಿಯುವುದು ಹೇಗೆ? ಉಜ್ಜಿ ನೋಡಲು ಕೊಡಲು ಮನಸ್ಸಿಲ್ಲ. (ಶಿಕ್ಷಕಿ, ಕಡೂರು)

ಉತ್ತರ: ನೀವು ಶಿಕ್ಷಕಿ, ಆರ್ಕಿಮಿಡೀಸನ ಪಾಠ ಮಾಡಿರುತ್ತೀರಿ, ಹಾಗಾಗಿ ಇದು ನಿಮಗೆ ಖುಷಿ ಕೊಡುತ್ತದೆ. ಹತ್ತು ನಾಣ್ಯವನ್ನು ಮೊದಲು ಪುಟ್ಟ ತಕ್ಕಡಿಯಲ್ಲಿ ಒಣಗಿದ ಹಾಗೆಯೇ ತೂಗಿ ಬರೆದುಕೊಳ್ಳಿ. ಆಮೇಲೆ ತಕ್ಕಡಿಯ ಮೇಲೆ ಒಂದು ಲೋಟ ನೀರು ಇಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಅದೇ ಹತ್ತನ್ನು ತೆಳ್ಳನೆ ದಾರದಲ್ಲಿ ಕಟ್ಟಿ, ಲೋಟದ ನೀರಿನಲ್ಲಿ ಮುಳುಗುವ ಹಾಗೆ ಕೈಯಲ್ಲೇ ಹಿಡಿದುಕೊಳ್ಳಿ. ತಳಕ್ಕೂ ಪಕ್ಕಕ್ಕೂ ತಾಗಬಾರದು, ನಾಣ್ಯಗಳ ಮಧ್ಯೆ ಗಾಳಿ ಗುಳ್ಳೆ ನಿಲ್ಲಬಾರದು. ಈಗ ತಕ್ಕಡಿ ಒಂದು ಅಂಕಿ ತೋರಿಸುತ್ತದೆ. ಒಣ ತೂಕವನ್ನು ಈ ಅಂಕಿಯಿಂದ ಭಾಗಿಸಿ. 10.3ರ ಆಸುಪಾಸು ಬಂದರೆ 1939ರವರೆಗಿನ ಹಳೆ ಬೆಳ್ಳಿ. ಉದಾಹರಣೆಗೆ 116 ಗ್ರಾಂ ಇದ್ದದ್ದು ನೀರಿನಲ್ಲಿ 11.2 ಅಥವಾ 11.3 ತೋರಿಸಬೇಕು. 9.5ರ ಆಸುಪಾಸು ಬಂದರೆ ಅರ್ಧ ಬೆಳ್ಳಿ. 9ಕ್ಕಿಂತ ಕೆಳಗೆ ಹೋದರೆ ಹಿತ್ತಾಳೆ ಅಥವಾ ಜರ್ಮನ್ ಸಿಲ್ವರ್ ಇರಬಹುದು. ಹೆಸರಲ್ಲಿ ಸಿಲ್ವರ್ ಇದೆ ಅಷ್ಟೇ, ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಇರುವುದಿಲ್ಲ.

ಹತ್ತರಲ್ಲಿ ಒಂದು ನಕಲಿ ಸೇರಿಕೊಂಡಿದ್ದರೆ ಸರಾಸರಿಯಲ್ಲಿ ಮುಚ್ಚಿಹೋಗಬಹುದು. ಅದಕ್ಕೆ ಮೊದಲು ಒಂದೊಂದನ್ನೂ ಬಿಡಿಯಾಗಿ ತೂಗಿ. 11ಕ್ಕಿಂತ ಕಡಿಮೆ ಅಥವಾ 11.7ಕ್ಕಿಂತ ಜಾಸ್ತಿ ಬಂದದ್ದನ್ನು ಬೇರೆ ಇಡಿ.

ಅಂಗಡಿಯಲ್ಲಿ ಉಜ್ಜುವ ಬದಲು ಕ್ಯಾರೆಟ್ ಮೀಟರಿನಲ್ಲಿ ಇಟ್ಟು ತೋರಿಸಿ ಎಂದು ಕೇಳಿ. ನಾಣ್ಯಕ್ಕೆ ಗೀರು ಬೀಳುವುದಿಲ್ಲ, ನಿಮಿಷದಲ್ಲಿ ಬೆಳ್ಳಿ ಎಷ್ಟು, ತಾಮ್ರ ಎಷ್ಟು ಎಂದು ಚೀಟಿ ಬರುತ್ತದೆ. ಆದರೆ ಯಂತ್ರ ನೋಡುವುದು ಮೇಲ್ಮೈಯನ್ನು ಮಾತ್ರ. ಕಾಸಿನ ಸರಕ್ಕೆ ಕುಣಿಕೆ ಬೆಸುಗೆ ಹಾಕಿದ ಜಾಗದಲ್ಲಿ ಇಟ್ಟರೆ ಕಡಿಮೆ ತೋರಿಸುತ್ತದೆ. ಬೆಸುಗೆ ಇಲ್ಲದ ಕಡೆ, ಎರಡೂ ಮುಖಕ್ಕೆ, ಎರಡು ಮೂರು ಸಲ ಇಡಿಸಿ. "ಕರಗಿಸಿ ನೋಡಿದರೆ ಮಾತ್ರ ಗೊತ್ತಾಗೋದು" ಎಂದರೆ ಒಪ್ಪಬೇಡಿ. ಕರಗಿದ ಮೇಲೆ ನಿಮ್ಮ ಕೈಗೆ ವಾಪಸ್ ಬರುವುದು ಒಂದು ಗಟ್ಟಿ, ಅದು ಯಾವ ವರ್ಷದ ನಾಣ್ಯ ಎಂದು ಯಾರಿಗೂ ತೋರಿಸಲು ಆಗಲ್ಲ.

ಪ್ರಶ್ನೆ: ನಮ್ಮಲ್ಲಿ 1840ರ ಎರಡು, 1862ರ ಐದು, 1911ರ ಒಂದು ರೂಪಾಯಿ ಇವೆ. ಇಷ್ಟು ಹಳೆಯವು ಎಂದರೆ ಲಕ್ಷ ಲಕ್ಷ ಬರುತ್ತದೆ ಎನ್ನುತ್ತಾರೆ. ಮಾರುವ ಮುಂಚೆ ಹುಣಸೆಹಣ್ಣು ಹಾಕಿ ತೊಳೆದು ಹೊಳಪು ಮಾಡಲೇ? (ಬೇಲೂರು)

ಉತ್ತರ: ತೊಳೆಯಬೇಡಿ. ದಯವಿಟ್ಟು. ಹುಣಸೆಹಣ್ಣು, ಬೂದಿ, ಅಂಗಡಿಯ ಪುಡಿ ಯಾವುದೂ ಬೇಡ. ನೂರು ವರ್ಷದಲ್ಲಿ ಕೂತ ಕಪ್ಪು ನಿಮಗೆ ಕೊಳೆ, ಸಂಗ್ರಹ ಮಾಡುವವರಿಗೆ ಅದು ನಾಣ್ಯ ಅಸಲಿ ಎನ್ನುವುದರ ಗುರುತು. ಉಜ್ಜಿದ ನಾಣ್ಯವನ್ನು ಅವರು ಕಣ್ಣಿಗೆ ಹಿಡಿದ ತಕ್ಷಣ ಕಂಡುಹಿಡಿಯುತ್ತಾರೆ, ಸಣ್ಣ ಸಣ್ಣ ಗೀರು ಒಂದೇ ದಿಕ್ಕಿಗೆ ಓಡಿರುತ್ತವೆ. ಅಲ್ಲಿಗೆ ಬೆಳ್ಳಿ ಬೆಲೆ ಮಾತ್ರ ಉಳಿಯುತ್ತದೆ. ಲಕ್ಷ್ಮೀ ಪೂಜೆಗೆ ಪ್ರತಿ ವರ್ಷ ತೊಳೆದು, ಅರಿಶಿನ ಕುಂಕುಮ ಹಚ್ಚಿದ ನಾಣ್ಯಗಳು ನಮ್ಮ ಮನೆಗಳಲ್ಲಿ ಎಷ್ಟೋ ಇವೆ. ಆದದ್ದು ಆಯಿತು, ಇನ್ನು ಮೇಲೆ ಬರೀ ನೀರಿನಲ್ಲಿ ಅದ್ದಿ ಹತ್ತಿ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ, ಉಜ್ಜಬೇಡಿ.

ಹಳೆಯದು ಎಂದ ಮಾತ್ರಕ್ಕೆ ಬೆಲೆ ಜಾಸ್ತಿ ಇರುವುದಿಲ್ಲ. ಕಾರಣ ಕೇಳಿ. 1840 ಎಂದು ಬರೆದ ಕಂಪನಿ ಸರ್ಕಾರದ ರೂಪಾಯಿಯನ್ನು ಅದೊಂದೇ ವರ್ಷ ಹೊಡೆದದ್ದಲ್ಲ. ಇಸವಿ ಬದಲಿಸದೆ 1862ರವರೆಗೂ ಹೊಡೆದರು. 1862 ಎಂದು ಬರೆದದ್ದನ್ನು 1874ರವರೆಗೂ. ಹಾಗಾಗಿ ಇವೆರಡೂ ಬೇಕಾದಷ್ಟು ಸಿಗುತ್ತವೆ. ಮೊದಲ ಮಹಾಯುದ್ಧದ ಆಸುಪಾಸಿನ 1916, 1917, 1918, 1919ರವಂತೂ ರಾಶಿ ರಾಶಿ. ಆಗ ಭಾರತಕ್ಕೆ ಬೆಳ್ಳಿ ಸಾಲದೆ ಅಮೆರಿಕ 1918ರಲ್ಲಿ ಕಾನೂನು ಮಾಡಿ ತನ್ನ ಬೆಳ್ಳಿ ಡಾಲರ್‌ಗಳನ್ನು ಕರಗಿಸಿ ಬ್ರಿಟಿಷರಿಗೆ ಮಾರಿತು. ನಿಮ್ಮ ದೇವರ ಮನೆಯ ರೂಪಾಯಿಯಲ್ಲಿ ಆ ಬೆಳ್ಳಿಯೂ ಇರಬಹುದು.

ಆ 1911ರದ್ದನ್ನು ಮಾತ್ರ ಬೇರೆ ಇಡಿ. ಐದನೇ ಜಾರ್ಜ್‌ನ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆ ಇದೆ. ಆ ವರ್ಷ ಅದರ ಸೊಂಡಿಲು ಎಷ್ಟು ಮೊಟಕಾಗಿತ್ತು ಎಂದರೆ ಜನ ಅದನ್ನು ಹಂದಿ ಎಂದರು, ಗಲಾಟೆ ಆಯಿತು. ಸರ್ಕಾರ ಆ ನಾಣ್ಯ ವಾಪಸ್ ತೆಗೆದುಕೊಂಡು ಎಷ್ಟನ್ನೋ ಕರಗಿಸಿತು. 1912ರಿಂದ ಸೊಂಡಿಲು ಸರಿ ಮಾಡಿದರು. ಭೂತಗನ್ನಡಿ ಹಿಡಿದು ಎದೆಯ ಹತ್ತಿರ ನೋಡಿ, ಕಾಣುತ್ತದೆ. 1939ರ ಬೆಳ್ಳಿ ರೂಪಾಯಿ ಅದಕ್ಕಿಂತಲೂ ಅಪರೂಪ. ಅಪರೂಪ ಎಂಬ ಕಾರಣಕ್ಕೇ ಅದರ ನಕಲಿ ತುಂಬಾ ಓಡಾಡುತ್ತವೆ. ಯಾರಾದರೂ ನಿಮಗೆ 1939 ಮಾರಲು ಬಂದರೆ ತಜ್ಞರ ಕೈಗೆ ಕೊಡದೆ ಕೊಳ್ಳಬೇಡಿ. ಇಂಥ ನಾಣ್ಯವನ್ನು ಬೆಳ್ಳಿ ಅಂಗಡಿಯಲ್ಲಿ ಮಾರುವುದೇ ತಪ್ಪು, ಅವರ ಕಣ್ಣಿಗೆ ಅದು 10.69 ಗ್ರಾಂ ಬೆಳ್ಳಿ, ಅಷ್ಟೇ. ಬೆಂಗಳೂರಿನಲ್ಲಿ ಆಗಾಗ ನಾಣ್ಯ ಪ್ರದರ್ಶನ ನಡೆಯುತ್ತದೆ, ಹಲವು ವ್ಯಾಪಾರಿಗಳು ಒಂದೇ ಚಾವಣಿಯಡಿ ಕೂತಿರುತ್ತಾರೆ. ಅಲ್ಲಿ ನಾಲ್ಕು ಮೇಜಿಗೆ ತೋರಿಸಿ. ಮೊದಲ ಮೇಜಿನಲ್ಲೇ ಕೊಟ್ಟುಬಿಡಬೇಡಿ.

ಪ್ರಶ್ನೆ: ಹಳೆ ನಾಣ್ಯಕ್ಕೆ 8 ಲಕ್ಷ ಕೊಡುತ್ತೇವೆ ಎಂದು ಮೊಬೈಲಿನಲ್ಲಿ ಜಾಹೀರಾತು ಬಂತು. ಫೋಟೋ ಕಳಿಸಿದೆ. ರಿಸರ್ವ್ ಬ್ಯಾಂಕಿನ ಅನುಮತಿ ಪತ್ರ ತೋರಿಸಿ, ನೋಂದಣಿಗೆ 1,250 ರೂಪಾಯಿ ಕೇಳಿದರು, ಕಟ್ಟಿದೆ. ಈಗ ತೆರಿಗೆ ಎಂದು 9,000 ಕೇಳುತ್ತಿದ್ದಾರೆ. ಕಟ್ಟಲೇ? (ತರೀಕೆರೆ)

ಉತ್ತರ: ಕಟ್ಟಬೇಡಿ. ಇವತ್ತೇ 1930ಕ್ಕೆ ಫೋನ್ ಮಾಡಿ ದೂರು ಕೊಡಿ, ಸೈಬರ್ ವಂಚನೆಗೆ ಇರುವ ಸಹಾಯವಾಣಿ ಅದು. ಎಷ್ಟು ಬೇಗ ಮಾಡಿದರೆ ದುಡ್ಡು ತಡೆಯುವ ಸಾಧ್ಯತೆ ಅಷ್ಟು ಜಾಸ್ತಿ. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಹೇಳಿದೆ, ಹಳೆ ನೋಟು ನಾಣ್ಯದ ವ್ಯಾಪಾರಕ್ಕೂ ತನಗೂ ಸಂಬಂಧ ಇಲ್ಲ, ಇದಕ್ಕಾಗಿ ಯಾರಿಂದಲೂ ಶುಲ್ಕ ಕಮಿಷನ್ ಕೇಳುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು. ನಿಮ್ಮ ನಾಣ್ಯ ಕೊಳ್ಳುವವರು ನಿಮಗೆ ದುಡ್ಡು ಕೊಡಬೇಕು. ನಿಮ್ಮಿಂದ ಕೇಳುತ್ತಿದ್ದಾರೆ ಎಂದರೆ ಅವರಿಗೆ ನಾಣ್ಯ ಬೇಕಾಗಿಲ್ಲ. ನಾಚಿಕೊಂಡು ಮನೆಯಲ್ಲಿ ಮುಚ್ಚಿಡಬೇಡಿ, ಓದಿದವರೇ ಎಷ್ಟೋ ಜನ ಇದರಲ್ಲಿ ಬಿದ್ದಿದ್ದಾರೆ.

ಪ್ರಶ್ನೆ: ಕಾಫಿ ಗಿಡಕ್ಕೆ ಗುಂಡಿ ತೆಗೆಯುವಾಗ ಮಡಕೆಯಲ್ಲಿ ಹಳೆ ನಾಣ್ಯ ಸಿಕ್ಕಿವೆ. ತೋಟ ನಮ್ಮದೇ. ಮಾರಬಹುದೇ? (ಮೂಡಿಗೆರೆ)

ಉತ್ತರ: ತೋಟ ನಿಮ್ಮದಾದರೂ ಮಾರುವಂತಿಲ್ಲ. ಭೂಮಿಯೊಳಗೆ ಸಿಕ್ಕಿದ ನಿಧಿಯ ವಿಷಯವನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು ಎಂದು ಕಾನೂನು ಇದೆ. ತಹಶೀಲ್ದಾರ್ ಕಚೇರಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಅಲ್ಲಿಯವರೆಗೆ ಮಡಕೆ ಚೂರನ್ನೂ ಸೇರಿಸಿ ಹಾಗೇ ಇಡಿ. ಅತ್ತೆಯ ಪೆಟ್ಟಿಗೆಯಲ್ಲಿ ಸಿಕ್ಕಿದ್ದಕ್ಕೂ ಮಣ್ಣಿನಲ್ಲಿ ಸಿಕ್ಕಿದ್ದಕ್ಕೂ ಕಾನೂನಿನಲ್ಲಿ ದೊಡ್ಡ ವ್ಯತ್ಯಾಸ ಇದೆ. ಇನ್ನೊಂದು, ನೂರು ವರ್ಷ ದಾಟಿದ ನಾಣ್ಯವನ್ನು ಹೊರದೇಶಕ್ಕೆ ಕಳಿಸುವುದು 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ಅಪರಾಧ. ವಿದೇಶದಲ್ಲಿರುವ ಮಗನ ಕೈಯಲ್ಲಿ ಒಳ್ಳೆ ಬೆಲೆಗೆ ಮಾರಿಸೋಣ ಎಂದುಕೊಂಡಿದ್ದವರು ಆ ಯೋಚನೆ ಬಿಡಿ.

ಪ್ರಶ್ನೆ: ಬಿಲ್ ಇಲ್ಲದ ಹಳೆ ಬೆಳ್ಳಿ ಮಾರಿದರೆ ತೊಂದರೆ ಇದೆಯೇ? ಪೂರ್ತಿ ನಗದು ಕೇಳಬಹುದೇ? (ಹೊಳೆನರಸೀಪುರ)

ಉತ್ತರ: ಅಜ್ಜ ಅಜ್ಜಿಯ ನಾಣ್ಯಕ್ಕೆ ಬಿಲ್ ಎಲ್ಲಿಂದ ಬರಬೇಕು? ಮನೆಯಲ್ಲಿ ತಲೆಮಾರಿನಿಂದ ಬಂದದ್ದು ಎಂದು ಹೇಳಿ, ಆಧಾರ್ ಪ್ರತಿ ಕೊಡಿ, ಸಾಕು. ಅಂಗಡಿಯವರು ಗುರುತಿನ ಚೀಟಿ ಕೇಳುವುದು ಕದ್ದ ಮಾಲು ಬರಬಾರದು ಎಂದು, ಅದಕ್ಕೆ ಬೇಸರ ಬೇಡ. ಮನೆಯ ಹಳೆ ಬೆಳ್ಳಿ ಮಾರುವವರು ಜಿಎಸ್‌ಟಿ ಕಟ್ಟಬೇಕಾಗಿಲ್ಲ. ಆ ಹೆಸರಲ್ಲಿ ಯಾರಾದರೂ ಕಡಿತ ಮಾಡಿದರೆ ಪ್ರಶ್ನೆ ಮಾಡಿ. 10,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಆ ಖರ್ಚನ್ನು ಅಂಗಡಿಯವರು ತಮ್ಮ ಆದಾಯ ತೆರಿಗೆ ಲೆಕ್ಕದಲ್ಲಿ ತೋರಿಸಲು ಆಗುವುದಿಲ್ಲ. ಹಾಗಾಗಿ ಅದಕ್ಕಿಂತ ಜಾಸ್ತಿ ಆದರೆ ಬ್ಯಾಂಕ್ ಖಾತೆಗೇ ಹಾಕುತ್ತಾರೆ, ಅದು ನಿಮಗೂ ಒಳ್ಳೆಯದು. 2 ಲಕ್ಷ ದಾಟಿದರೆ ಪ್ಯಾನ್ ಬೇಕು, 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವಂತೆಯೇ ಇಲ್ಲ. ದುಡ್ಡು ಖಾತೆಗೆ ಬಂದಿದೆ ಎಂದು ಮೊಬೈಲಿನಲ್ಲಿ ನೋಡಿದ ಮೇಲೆ ಪೊಟ್ಟಣ ಕೈಬಿಡಿ. "ಸಾಯಂಕಾಲ ಹಾಕ್ತೀನಿ" ಎಂದರೆ ನಾಣ್ಯವನ್ನೂ ಸಾಯಂಕಾಲವೇ ತನ್ನಿ. ದೊಡ್ಡ ಮೊತ್ತ ಆದರೆ ತೆರಿಗೆ ಬರಬಹುದು, ನಿಮ್ಮ ಆಡಿಟರ್‌ಗೆ ಒಂದು ಮಾತು ಕೇಳಿ.

ಪ್ರಶ್ನೆ: ಸಣ್ಣ ನಾಣ್ಯಗಳಿಗೆ, ಪಾವಲಿ ಎರಡಾಣೆಗಳಿಗೆ, ಬೆಲೆ ಇಲ್ಲ ಎನ್ನುತ್ತಾರೆ. ನಿಜವೇ? ಮತ್ತು ಪೂಜೆಗೆ ಒಂದೆರಡು ಇಟ್ಟುಕೊಳ್ಳಬೇಕು ಎಂದಿದ್ದೇನೆ, ಯಾವುದನ್ನು ಇಟ್ಟುಕೊಳ್ಳಲಿ? (ಅಜ್ಜಿ, ಚನ್ನರಾಯಪಟ್ಟಣ)

ಉತ್ತರ: ಬೆಲೆ ಖಂಡಿತ ಇದೆ ಅಜ್ಜಿ. ಬೆಳ್ಳಿಯ ಅರ್ಧ ರೂಪಾಯಿ 5.83 ಗ್ರಾಂ, ಪಾವಲಿ 2.92, ಎರಡಾಣೆ 1.46. ರೂಪಾಯಿಯ ಭಾಗಗಳೇ ಅಲ್ವಾ, ನಾಲ್ಕು ಪಾವಲಿ ಕೂಡಿದರೆ ಒಂದು ರೂಪಾಯಿಯ ಬೆಳ್ಳಿ. ಎರಡಾಣೆಯಲ್ಲಿ 1918ರಿಂದ ಬೆಳ್ಳಿ ಇಲ್ಲದ ಚೌಕ ನಾಣ್ಯ ಬಂತು, ಅದನ್ನು ಬೇರೆ ಮಾಡಿ. ದುಂಡಗೆ, ಉಗುರಿನಷ್ಟೇ ಇರುವವು ಬೆಳ್ಳಿ. ಎಣಿಸಿ ಕೊಡಬೇಡಿ, ಪೂರಾ ಬೆಳ್ಳಿಯವನ್ನು ಒಟ್ಟಿಗೆ, ಅರ್ಧ ಬೆಳ್ಳಿಯವು ಇದ್ದರೆ ಬೇರೆಯಾಗಿ ತೂಗಿಸಿ.

ಪೂಜೆಗೆ ಇಟ್ಟುಕೊಳ್ಳುವುದಾದರೆ, ತುಂಬಾ ಸವೆದು ಮುಖ ಮಾಸಿದ ರಾಣಿ ರೂಪಾಯಿಯನ್ನೇ ಇಟ್ಟುಕೊಳ್ಳಿ. ಸಂಗ್ರಹ ಮಾಡುವವರಿಗೆ ಅದು ಬೇಡ, ಅಂಗಡಿಯಲ್ಲಿ ತೂಕವೂ ಕಡಿಮೆ ಬರುತ್ತದೆ. ನಿಮ್ಮ ಅತ್ತೆ, ಅವರತ್ತೆ ಎಲ್ಲರ ಬೆರಳು ತಾಗಿ ತಾಗಿಯೇ ಅದು ಅಷ್ಟು ಸವೆದಿರುವುದು. ಅದಕ್ಕೆ ಅರಿಶಿನ ಕುಂಕುಮ ಎಷ್ಟು ಬೇಕಾದರೂ ಹಚ್ಚಿ.